ಬಾಗಿಲಿಗೆ ಹಸಿರು ಬಣ್ಣ

ಬೆಳಿಗ್ಗೆ ನಾಣ್ಯ ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಗಂಡ ಕ್ಲೈಡ್‌ನ ಅಂಗಿ ಮಡಿಸುತ್ತಿದ್ದ ಲೊರೇನಳ ಕೈ ನಿಂತಿತು. ಹಿಂದಿನ ಬೆಂಚಿನಲ್ಲಿ ಅಣುಸ್ಥಾವರದ ಕೆಲಸಗಾರರಿಬ್ಬರು ಮಾತಾಡುತ್ತಿದ್ದರು.

"ಕೇಬಲ್ ಕೋಣೆಯ ಬೆಂಕಿತಡೆ ಬಾಗಿಲಿನ ದೋಷಕ್ಕೆ ತಪಾಸಣೆಯೋರು ಯಾವ ಬಣ್ಣ ಕೊಟ್ರೋ?"

"ಹಸಿರು. ತೀರಾ ಸಣ್ಣ ತಪ್ಪಂತೆ."

"ವರ್ಷದಿಂದ ಮುಚ್ಚಿಕೊಳ್ತಾನೇ ಇಲ್ಲವಲ್ಲೋ ಅದು. ಕೆಂಪು ಕೊಡಬೇಕಿತ್ತು."

"ಬೆಂಕಿ ಬಿದ್ರೆ ನೋಡೋಕೆ ಅಲ್ಲಿ ಕ್ಲೈಡ್‌ನ ಕಾವಲಿಗೆ ನಿಲ್ಲಿಸಿದಾರಲ್ಲ. ಅದಕ್ಕೇ ಹಸಿರು."

"ಅಂದ್ರೆ ಬಾಗಿಲಿನ ಬದಲಿಗೆ ಕ್ಲೈಡಾ?"

"ಬಣ್ಣ ನಾನು ಹಾಕ್ತೀನೇನೋ ಮಾರಾಯ? ಹಸಿರಾದ್ರೆ ರಿಪೇರಿಗೆ ಅವಸರ ಇಲ್ಲ."

"ಪಾಪ, ಅವನಿಗೆ ಒಂದು ಹಿಡಿಕೆನಾದ್ರೂ ಹಾಕಿಸ್ರೋ."

ನಗುತ್ತ ಬಟ್ಟೆಗಂಟು ಹೊತ್ತು ಅವರು ಹೊರಟುಹೋದರು. ಕೂಗಿ ಕರೆದರೂ ಅವರೇನು ಮಾಡಿಯಾರು ಎಂದುಕೊಂಡ ಲೊರೇನ್, ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಮಗಳು ಟೆಸ್ ಅವಳ ತೋಳು ಹಿಡಿದಳು.

"ಅಮ್ಮಾ, ಬೆಂಕಿ ಬಂದ್ರೆ ಅಪ್ಪ ಓಡಿ ಬರಬಹುದಾ, ಅಲ್ಲೇ ನಿಂತಿರಬೇಕಾ?"