ಊಟದಲ್ಲಿ ಬೆರೆತ ಔಷಧಿ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂಕಾಲು. ರಕ್ತಪರೀಕ್ಷೆಯ ವರದಿಗಾಗಿ ಸಾಲಿನಲ್ಲಿ ನಿಂತಿದ್ದ ಟೈಲರ್ ಎಂಬಾತನಿಗೆ, ಮುಂದಿದ್ದ ಅಕ್ಕ ತಮ್ಮಂದಿರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅಪ್ಪಂಗೆ ಮತ್ತೆ ಫಿಟ್ಸ್ ಬಂತಲ್ಲೋ. ಔಷಧಿ ತಪ್ಪಿಸಿದ್ಯಾ?"

"ಒಂದು ಹೊತ್ತೂ ತಪ್ಪಿಸಿಲ್ಲ ಕಣಕ್ಕ. ಮೂಗಿನ ಟ್ಯೂಬಿಗೆ ಬಿಡೋ ಊಟದಲ್ಲೇ ಬೆರೆಸ್ತಿದ್ದೆ."

"ಬೆರೆಸಿದ್ಯಾ? ಔಷಧಿಗೆ ಹಿಂದೆ ಮುಂದೆ ಎರಡೆರಡು ಗಂಟೆ ಊಟ ಬೇಡ ಅಂತ ಗೋಡೆಗೆ ಬರೆದು ಅಂಟಿಸಿದ್ನಲ್ಲ, ಅದೇನು ಅಲಂಕಾರಕ್ಕಾ?"

"ನಾಲ್ಕು ಗಂಟೆ ಉಪವಾಸ ಕೆಡವ್ಲಾ? ನನ್ನ ಕೈನೇ ನೋಡ್ತಾ ಮಲಗಿರ್ತಾರೆ. ಭಾನುವಾರ ಬಂದು ಹೋಗೋಳಿಗೇನು ಗೊತ್ತು."

"ಊಟದ ಜೊತೆ ಹಾಕಿದ್ರೆ ಔಷಧಿ ರಕ್ತಕ್ಕೇ ಸೇರಲ್ಲ ಅಂದಿದ್ರು ಡಾಕ್ಟ್ರು. ನಿನ್ನ ಕನಿಕರಕ್ಕಿಷ್ಟು ಬೆಂಕಿ ಹಾಕ."

ಕಿಟಕಿಯಿಂದ ವರದಿ ಬಂತು. ಅಕ್ಕ ಅದನ್ನು ಗಟ್ಟಿಯಾಗಿ ಓದಿ ತಮ್ಮನ ಕೈಗೆ ತುರುಕಿ ಮೆಟ್ಟಿಲಿಳಿದಳು. ತಮ್ಮ ತಲೆ ತಗ್ಗಿಸಿ ಹಿಂಬಾಲಿಸಿದ. ರಕ್ತದಲ್ಲಿ ಔಷಧಿಯ ಪ್ರಮಾಣ ಕನಿಷ್ಠ ಹತ್ತು ಇರಬೇಕಿತ್ತು; ಇದ್ದದ್ದು ಮೂರೂವರೆ.