ಎರಡು ಹೆಸರು, ಒಬ್ಬ ಹೆಂಗಸು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಮಾರೆಟ್ ಅವರೇ, ಪುರಸಭೆಯಿಂದ ಬಂದಿರುವ ಅತಿಥಿಗಳೇ, ನೋಂದಣಿ ಕಚೇರಿಯ ಗೆಳೆಯರೇ, ಕಾಫಿಗಾಗಿ ಕಾಯುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷದ ನೌಕರಿಯ ಬಗ್ಗೆ ಎರಡು ಮಾತಾಡಿ ಎಂದಿದ್ದೀರಿ. ಎಸ್ಟೋನಿಯಾದವರಿಗೆ ಬರುವುದೇ ಎರಡು ಮಾತು ಎಂದು ಪಕ್ಕದ ದೇಶದವರು ನಗುತ್ತಾರೆ. ಕ್ಷಮಿಸಿ, ಇಂದು ನನ್ನದು ಕೊಂಚ ಹೆಚ್ಚಾಗಬಹುದು.

ಮುಖ ಕಾಣದ ಇಬ್ಬರು ಒಬ್ಬರನ್ನೊಬ್ಬರು ನಂಬುವುದು ಹೇಗೆ? ನಮ್ಮ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತಲೇ. ಅದರ ಉತ್ತರವನ್ನು ನಾನು ಕಲಿತದ್ದು ತರಬೇತಿಯಲ್ಲಲ್ಲ, ಒಂದು ಫೋನಿನಲ್ಲಿ.

ಒಂಬತ್ತು ವರ್ಷಗಳ ಹಿಂದೆ, ಮಾರ್ಚ್ ತಿಂಗಳು. ನಾರ್ವೆಯ ಉತ್ತರದ ಒಂದು ದ್ವೀಪದ ಆಸ್ಪತ್ರೆಯಿಂದ ಟೊರುನ್ ಎಂಬಾಕೆ ಕರೆ ಮಾಡಿದರು. ಅವರಲ್ಲಿಗೆ ನಮ್ಮೂರಿನ ಸೂಲಗಿತ್ತಿಯೊಬ್ಬಳು ಕೆಲಸಕ್ಕೆ ಹೋಗಿದ್ದಳು. ಗುರುತಿನ ಚೀಟಿಯಲ್ಲಿ ಹೆಲ್ವಿ ಟಾಮ್ಮಿಕ್ ಎಂದಿತ್ತು. ಲಾಟ್ವಿಯಾದ ಕಾಲೇಜು ಕೊಟ್ಟ ಪ್ರಮಾಣಪತ್ರದಲ್ಲಿ ಹೆಲ್ವಿ ಲೆಪಾಸಾರ್ ಎಂದಿತ್ತು. ಇಬ್ಬರೂ ಒಬ್ಬಳೇ ಎಂದು ನಮ್ಮ ನೋಂದಣಿ ದೃಢಪಡಿಸಬೇಕಿತ್ತು. ಅವರ ಗಣಕಯಂತ್ರ ಕೇಳಿದಾಗಲೆಲ್ಲ ನಮ್ಮದು ‘ದಾಖಲೆ ಇಲ್ಲ’ ಎನ್ನುತ್ತಿತ್ತು.

“ಇನ್ನೊಂದು ವಾರಕ್ಕೆ ಇಲ್ಲಿ ಇಬ್ಬರಿಗೆ ದಿನ ತುಂಬತ್ತೆ ಸಾರ್. ಬೇರೆ ಸೂಲಗಿತ್ತಿ ಇಲ್ಲ. ಈಕೆ ಬಂದು ಕೂತಿದ್ದಾರೆ, ವಾರ್ಡಿನೊಳಗೆ ಬಿಡೋ ಹಾಗಿಲ್ಲ,” ಎಂದರು ಟೊರುನ್.

“ಅವಳೇ ಅಮ್ಮಾ. ನಂಗೊತ್ತು.”

“ಹೇಗ್ ಗೊತ್ತು?”

“ಹನ್ನೊಂದು ವರ್ಷ ಒಂದೇ ಮನೇಲಿದ್ವಿ. ಲೆಪಾಸಾರ್ ನನ್ನ ಮನೆತನದ ಹೆಸರು.”

ಟೊರುನ್ ಬಹಳ ಮೆತ್ತಗೆ ಹೇಳಿದರು: “ಅದು ನಂಗೆ ಸಾಲದು ಸಾರ್. ನಿಮ್ಮನ್ನೇ ನಂಗೆ ಗೊತ್ತಿಲ್ವಲ್ಲ.”

ತಪ್ಪೇನಿದೆ ಅದರಲ್ಲಿ? ಅವಳು ಕಾಫಿಗೆ ಎಷ್ಟು ಹಾಲು ಹಾಕಿಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಸಿಟ್ಟು ಬಂದರೆ ಕಿಟಕಿ ಒರೆಸುತ್ತಾಳೆ ಎಂಬುದು ಗೊತ್ತಿತ್ತು. ಅದು ಯಾವ ದಾಖಲೆ?

ದಾಖಲೆ ಬೇರೆಯೇ ಇತ್ತು. ವಿಚ್ಛೇದನದ ನಂತರ ಹೆಸರು ಬದಲಿಸಿಕೊಂಡ ಹೆಲ್ವಿ, ಎರಡೂ ಹೆಸರು ತನ್ನದೇ ಎಂಬ ದೃಢೀಕರಣಕ್ಕೆ ಅರ್ಜಿ ಹಾಕಿದ್ದಳು. ಅದು ನನ್ನ ಪಾಲಿಗೇ ಬಂದಿತ್ತು. ಸ್ವಂತ ಮನೆಯ ಅರ್ಜಿಯನ್ನು ಸಹೋದ್ಯೋಗಿಗೆ ಒಪ್ಪಿಸಬೇಕು, ಇದು ನಿಯಮ. ನಾನು ಒಪ್ಪಿಸಲಿಲ್ಲ. ಕೆಲಸ ಬಹಳವಿತ್ತು ಎಂದುಕೊಂಡಿದ್ದೆ. ಅಷ್ಟೇನೂ ಇರಲಿಲ್ಲ.

ಫೋನಿಟ್ಟು, ಇಂದಿನ ನಮ್ಮ ಅಧ್ಯಕ್ಷೆ, ಅಂದು ನನ್ನ ಸಹೋದ್ಯೋಗಿಯಾಗಿದ್ದ ಮಾರೆಟ್ ಅವರ ಮೇಜಿಗೆ ಹೋದೆ. ಅರ್ಜಿ ತೆರೆದು ತಾರೀಖು ನೋಡಿದರು.

“ನಾಲ್ಕು ತಿಂಗಳು ಇಟ್ಕೊಂಡಿದ್ಯೇನಯ್ಯಾ ಉರ್ಮಸ್?”

“ಹೌದು.”

“ಇಟ್ಕೊಂಡ್ರೆ ವಾಪಸ್ ಬರ್ತಾಳೆ ಅಂತ್ಲಾ?”

ನಾನು ಅರ್ಜಿಯನ್ನು ಅವರಿಗೆ ಒಪ್ಪಿಸಿದೆ. ಅವರು ಎರಡೂ ಹೆಸರಿನ ಮೂಲ ದಾಖಲೆಗಳನ್ನು ತಾಳೆ ನೋಡಿ, ತಮ್ಮ ಗುರುತಿನ ಚೀಟಿಯನ್ನು ಯಂತ್ರಕ್ಕಿಟ್ಟು, ಗುಪ್ತಸಂಖ್ಯೆ ಒತ್ತಿ ಡಿಜಿಟಲ್ ಸಹಿ ಮಾಡಿದರು. ದ್ವೀಪದವರು ಮತ್ತೆ ಕೇಳಿದಾಗ ನಮ್ಮ ಯಂತ್ರ ‘ಹೌದು, ಒಬ್ಬಳೇ’ ಎಂದಿತು. ಮಾರೆಟ್ ಯಾರೆಂದು ಟೊರುನ್‌ಗೆ ಇಂದಿಗೂ ಗೊತ್ತಿಲ್ಲ. ಆದರೂ ಮಧ್ಯಾಹ್ನದೊಳಗೆ ಹೆಲ್ವಿ ವಾರ್ಡಿನಲ್ಲಿದ್ದಳು.

ಮೂರು ವಾರ ಕಳೆದ ಮೇಲೆ ಹೆಲ್ವಿಯಿಂದ ನನಗೊಂದು ಇ-ಪತ್ರ ಬಂತು. ‘ದೃಢೀಕರಣ ತಲುಪಿದೆ. ಇಬ್ಬರಿಗೂ ಹೆರಿಗೆ ಸುಸೂತ್ರ. ಎರಡೂ ಹೆಣ್ಣುಮಕ್ಕಳು.’ ಅಷ್ಟೇ. ಅಂಥ ಪತ್ರಕ್ಕೆ ಡಿಜಿಟಲ್ ಸಹಿ ಬೇಕಿಲ್ಲ; ಅವಳು ಹಾಕಿದ್ದಳು, ಹೊಸ ಹೆಸರಿನಲ್ಲಿ. ನಾನೂ ಅಪರಿಚಿತನಂತೆಯೇ ಅದನ್ನು ಪರಿಶೀಲಿಸಿದೆ.

ಸಹಿ ಸಿಂಧುವಾಗಿತ್ತು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.