ಎರವಲು ಬತ್ತಳಿಕೆ

...ಅಲ್ಲ, ಇನ್ನೂ ಎಷ್ಟೊತ್ತು ಅಂತ ಹೀಗೇ ಕೂತಿರ್ತೀಯ? ಏಳು ತಂಗಿ. ಎಲ್ರೂ ಹೊಳೆ ದಾಟಿಯಾಯ್ತು. ನಾಯಿಗಳೂ ಹೋದ್ವು. ನಿನ್ನ ಗಂಡ ಒಬ್ನೇ ಆ ಬಂಡೆ ಹತ್ರ ನಿಂತಿದಾನೆ, ಬುಟ್ಟಿ ಬೆನ್ನ ಮೇಲೇ ಇದೆ, ಕೆಳಗೂ ಇಳಿಸ್ತಿಲ್ಲ. "ನನ್ನ ಮಾತು ಕೇಳಲ್ಲ ಭಾವ, ನೀನೇ ಹೋಗಿ ಕರ್ಕೊಂಡ್ ಬಾ" ಅಂದ. ಅದಕ್ಕೇ ಬಂದೆ.

ಬೇಡ, ಬೇಡ... ಆ ಸೌದೆ ಕೆಳಗಿಡು. ಇಲ್ಲಿ ಇನ್ನು ಬೆಂಕಿ ಹಚ್ಚಬಾರ್ದು. ನಿಂಗೆ ನಾನು ಹೇಳ್ಬೇಕಾ? ಒಲೆ ಕೆಳಗೇ ಮಗೂನ ಮಲಗಿಸಿದೀವಿ. ಸಾವಾದ ಬಿಡಾರದಲ್ಲಿ ಯಾರೂ ಉಳಿಯಲ್ಲ, ನಾವೂ ಉಳಿಯೋ ಹಾಗಿಲ್ಲ. ಕತ್ತಲಾಗೋಕೆ ಮುಂಚೆ ಆಚೆ ಗುಡ್ಡ ಹತ್ತಬೇಕು.

ನಿನ್ನ ಏನಂತ ಕರೀಲಿ ಅಂತಾನೇ ತಿಳೀತಿಲ್ಲ ನಂಗೆ. ಮಗಳು ಹುಟ್ಟಿದಾಗಿಂದ ಅವಳ ಹೆಸರು ಹಿಡಿದೇ ನಿನ್ನ ಕರೆದಿದ್ದು, ಇಂಥವಳ ಅಮ್ಮ, ಇಂಥವಳ ಅಮ್ಮ ಅಂತ. ಈಗ ಆ ಹೆಸರು ಯಾರ ಬಾಯಲ್ಲೂ ಬರಬಾರ್ದು. ಇನ್ಮೇಲೆ ನೀನು ಉಯುಂಗ್. ಚೊಚ್ಚಲು ಕೂಸು ಕಳ್ಕೊಂಡವಳು. ನಿನ್ನೆಯಿಂದ ಎಲ್ರೂ ಹಾಗೇ ಅಂತಿದಾರೆ, ನನ್ನ ನಾಲಿಗೆ ಹೊರಳ್ತಿಲ್ಲ. ತಂಗಿ ಅಂತೀನಿ. ಆಗ್ಬಹುದಾ?

ಅಳೋದಾದ್ರೆ ಅಳು. ನಂಗಂತೂ ಅಳು ಬರ್ತಿಲ್ಲ. ಮಣ್ಣು ಮುಚ್ಚುವಾಗಲೂ ಬರ್ಲಿಲ್ಲ. ತುಂಬಾ ಹೊತ್ತು ಕೂತು ಕಾಲು ಜೋಮು ಹಿಡೀತದಲ್ಲ, ಚಿವುಟಿದ್ರೂ ಗೊತ್ತಾಗಲ್ಲ, ಹಾಗಿದೆ ಒಳಗೆಲ್ಲ. ಬೆಳಗ್ಗೆ ಸಾಗೋ ಮರದ ಹಿಟ್ಟಿನ ಅಂಬಲಿ ಕುಡ್ದೆ. ಬಿಸಿ ಇತ್ತೋ ತಣ್ಣಗಿತ್ತೋ ಕೇಳಿದ್ರೆ ಹೇಳೋಕೆ ಬರಲ್ಲ.

ಏನು, ಹಾಗೆ ನೋಡ್ತೀಯ? ಮತ್ತೆ ಹೇಳ್ಬೇಕಾ? ನಿನ್ನೆ ಹೇಳಿದ್ನಲ್ಲ... ಆಯ್ತು. ಹೇಳ್ತೀನಿ.

ಅವಳೇ ಅಲ್ವಾ ಬೆನ್ನು ಹತ್ತಿದ್ದು? "ಮಾವ, ನಂಗೂ ಊದುಗೊಳವೇಲಿ ವಿಷದ ಅಂಬು ಬಿಡೋದು ಕಲಿಸು, ಮಾವ, ನಂಗೂ ಕಲಿಸು." ಹುಡುಗೀರು ನಾಯಿ ಬಿಟ್ಟು ಈಟಿಯಿಂದ ತಿವೀತಾರೆ, ಅದು ಬೇರೆ. ಊದೋದು ನಿನ್ನ ಕೈಲಿ ಎಲ್ಲಾಗುತ್ತೆ ಅಂದೆ. ಬಿಟ್ಳಾ? ಕೊಳೆತ ಮರದ ದಿಮ್ಮಿಗೆ ಗುರಿ ಇಟ್ಕೊಂಡು ದಿನವಿಡೀ ಊದ್ತಿದ್ಳು. ಮೊದ್ಲು ಕೆನ್ನೆ ಉಬ್ಬಿಸಿ ಊದ್ತಿದ್ಳು. ಕೆನ್ನೆಯಿಂದ ಊದಿದ್ರೆ ಸೊಳ್ಳೆ ಓಡುತ್ತೆ ಅಷ್ಟೇ, ಹೊಟ್ಟೆಯಿಂದ ಊದೇ ಅಂತ ಗದರಿದೆ. ಅದಕ್ಕೆ ಏನಂದ್ಳು ಗೊತ್ತಾ? "ನಿನ್ನಷ್ಟು ಹೊಟ್ಟೆ ನಂಗೆಲ್ಲಿದೆ ಮಾವ?"

ನಗ್ತಿದೀಯಾ? ...ಇಲ್ವಾ. ನಕ್ಕ ಹಾಗೆ ಕಾಣಿಸ್ತು.

ನಾನೇನು ಕಡಿಮೆ ಮಾಡ್ದೆ ಹೇಳು. ನಮ್ಮಪ್ಪ ಕೊರೆದ ಊದುಗೊಳವೆ ಅದು, ಯಾರ ಕೈಗೂ ಕೊಡ್ತಿರಲಿಲ್ಲ, ಅವಳಿಗೆ ಕೊಟ್ಟೆ. ತುದಿಗೆ ಕಟ್ಟಿದ ಈಟೀನ ಕಲ್ಲಿಗೆ ಮಸೆದು ಕೊಟ್ಟೆ. ಸೊಂಟದ ಬತ್ತಳಿಕೆ ಬಿಚ್ಚಿ ನಾನೇ ಅವಳ ಸೊಂಟಕ್ಕೆ ಕಟ್ಟಿದೆ, ದೊಡ್ಡದಾಯ್ತು ಅಂತ ಬೆತ್ತದ ದಾರ ಎರಡು ಸುತ್ತು ಹಾಕ್ದೆ. ಇದ್ದಿದ್ದೆಲ್ಲ ಕೊಟ್ಟೆ. ಕೊಡದೆ ಬಚ್ಚಿಡೋದು ನಮ್ಮ ಜನದಲ್ಲಿ ಉಂಟಾ? ಒಂದು ಗುಬ್ಬಚ್ಚಿಯಷ್ಟು ಮಾಂಸ ಸಿಕ್ಕಿದ್ರೂ ಎಲ್ಲ ಒಲೆಗೂ ಹೋಗುತ್ತೆ. ಕದ್ದವನನ್ನ ಕ್ಷಮಿಸ್ತೀವಿ, ಕೊಡದೆ ಇಟ್ಕೊಂಡವನನ್ನ ಕ್ಷಮಿಸಲ್ಲ. ನಾನು ಒಂದನ್ನೂ ಇಟ್ಕೊಳ್ಳಲಿಲ್ಲ ತಂಗಿ. ಒಂದನ್ನೂ.

ಗಾಳಿ ಯಾವ ಕಡೆಗಿದೆ ನೋಡೋದು ಹೇಳ್ಕೊಟ್ಟೆ. ಅಂಬು ತಾಗಿದ ಮೇಲೆ ಏನು ಮಾಡ್ಬೇಕು ಅಂತ ಹೇಳ್ಕೊಟ್ಟೆ. ಹಂದಿ ಓಡುತ್ತೆ, ನೀನು ಓಡಬೇಡ. ಒಂದು ಬೀಡಿ ಸೇದೋ ಹೊತ್ತು ಕೂತಿರು. ವಿಷ ತನ್ನ ಕೆಲಸ ಮಾಡ್ಲಿ. ಆಮೇಲೆ ಹೋಗು, ಬಿದ್ದಿರುತ್ತೆ. ಬಿದ್ದ ಹಂದಿ ಹತ್ರ ಅಂಜ್ಕೊಂಡು ಅಡಗಿ ಹೋಗಬೇಡ, ನೆಟ್ಟಗೆ ನಡೆದು ಹೋಗು ಅಂದೆ.

ಹಾಗೇ ಮಾಡಿದ್ಳು. ಒಂದು ಮಾತೂ ಮೀರಲಿಲ್ಲ.

ಹಣ್ಣು ಉದುರೋ ಮರದ ಕೆಳಗಿತ್ತು, ಗಡ್ಡದ ಹಂದಿ, ಗಂಡು. ನಾನು ನಾಯಿಗಳನ್ನ ಹಿಡ್ಕೊಂಡು ಹಿಂದೆ ಉಳಿದೆ. ಅವಳು ಹೋದದ್ದು ಒಂದು ಎಲೆಗೂ ಗೊತ್ತಾಗಲಿಲ್ಲ. ಊದಿದ್ಳು. ಕಿವಿ ಕೆಳಗೆ, ಕುತ್ತಿಗೆಗೆ ಸರಿಯಾಗಿ! ಮೊದಲ್ನೇ ಬೇಟೆ, ಮೊದಲ್ನೇ ಉಸಿರು... ನಮ್ಮಪ್ಪನೂ ಹಾಗೆ ಹೊಡೀತಿರಲಿಲ್ಲ. ಹಂದಿ ಬೇರಿನ ಹಿಂದಕ್ಕೆ ಓಡ್ತು. ಇವಳು ಕೂತ್ಳು. ನನ್ನ ಕಡೆ ತಿರುಗಿ ಹಲ್ಲು ಬಿಟ್ಳು. ಬೀಡಿ ಸೇದೋ ಹಾಗೆ ಎರಡು ಬೆರಳು ಬಾಯಿಗಿಟ್ಟು ಹೊಗೆ ಬಿಟ್ಟ ಹಾಗೆ ಮಾಡಿದ್ಳು, ನನ್ನ ಅಣಕಿಸೋಕೆ. ಆಮೇಲೆ ಎದ್ಳು. ಊದುಗೊಳವೆ ಹೆಗಲ ಮೇಲೆ ಹಾಕ್ಕೊಂಡು ನೆಟ್ಟಗೆ ನಡೆದ್ಳು.

ಅದು ನಿಂತಿತ್ತು ತಂಗಿ. ಬಿದ್ದಿರಲಿಲ್ಲ. ನಿಂತಿತ್ತು.

ನಾನು ಓಡಿ ಬರೋಷ್ಟರಲ್ಲಿ ಅವಳ ಮೇಲೆ ಎರಗಿಯಾಗಿತ್ತು. ತಿವಿದೆ, ತಿವಿದೆ... ಏನು ಬಂತು?

ಯಾಕೆ ಬೀಳಲಿಲ್ಲ ಅಂತೀಯಾ? ...ಕೆಲವು ಹಂದಿ ಹಾಗೇ ಇರ್ತವೆ. ಮೊಂಡು ಜೀವ. ಮಳೆಗೆ ವಿಷ ತೊಳೆದು ಹೋಗಿರ್ಬಹುದು... ಏನು? ಹೌದು, ಮಳೆ ಬಂದಿರಲಿಲ್ಲ. ಮಂಜು ಇತ್ತಲ್ಲ, ಬೆಳಗಿನ ಮಂಜು. ಅಥವಾ ಕೊಬ್ಬಿಗೆ ತಾಗಿರ್ಬೇಕು, ಕೊಬ್ಬಿಗೆ ತಾಗಿದ್ರೆ ವಿಷ ಏರೋದು ತಡ. ಕುತ್ತಿಗೆಗೆ ಅಂದ್ನಾ ಆಗ್ಲೇ? ಅಂದೆ... ಕುತ್ತಿಗೇಲೂ ಕೊಬ್ಬಿರುತ್ತೆ. ಹಾಗೆ ನೋಡಬೇಡ ತಂಗಿ ನನ್ನ. ನಾನು ನಿನ್ನ ಅಣ್ಣ.

ಆ ಬತ್ತಳಿಕೆ ಯಾಕೆ ಬಿಚ್ತಿದೀಯ? ಕೊಡಿಲ್ಲಿ. ನಂದು ಅದು, ಎರವಲು ಕೊಟ್ಟಿದ್ದು, ತಗೊಂಡು ಹೋಗೋಣ ಅಂತಲೇ ಇಟ್ಟಿದ್ದು... ಹುಷಾರು, ಅಂಬು ಚುಚ್ಚೀತು! ಒಂದು ಸಾಕಲ್ಲ, ಎಷ್ಟು ನೋಡ್ತೀಯ? ನೋಡಿದ್ಯಾ, ತುದಿ ಕಪ್ಪಗೆ ಇದೆ, ದಪ್ಪಗೆ ಮೆತ್ತಿದೀನಿ. ಒಳಗಿಡು ಈಗ.

ಏ! ಬಾಯಿಗೆ ಬೇಡ! ಬಾಯಲ್ಲಿ ಹುಣ್ಣು ಇದ್ರೆ ಜೀವ ಹೋಗುತ್ತೆ ಕಣೇ... ತಂಗೀ!

...ಕಹಿ, ಅಲ್ವಾ?

ಕಹಿ ಇರ್ಬೇಕು. ವಿಷ ಚೆನ್ನಾಗಿದ್ರೆ ಯಾರೂ ತಡ್ಕೊಳ್ಳಲ್ಲ, ಮುಖ ಕಿವುಚಿ ಥೂ ಅಂತ ಉಗೀತಾರೆ. ಚಿಕ್ಕವಳಿದ್ದಾಗ ನೀನೂ ಉಗಿದಿದ್ದೆ, ಅಪ್ಪ ನಕ್ಕಿದ್ದ. ಉಗಿ. ಯಾಕೆ ಉಗೀತಿಲ್ಲ? ಒಂದ್ಸಲ ಮುಖ ಕಿವುಚು ತಂಗಿ. ಕಹಿ ಅನ್ನು. ಬೇರೇನೂ ಹೇಳ್ಬೇಡ, ಕಹಿ ಅಂತ ಒಂದು ಮಾತು ಅನ್ನು.

...

ಹಳೇದು.

ಹೋದ ಸಲ ಹಣ್ಣು ಬಿಟ್ಟಾಗ ಕಾಯಿಸಿದ್ದು. ಸತ್ವ ಇರಲಿಲ್ಲ. ನೀರು ಹಾಕಿ ಮೆತ್ತಗೆ ಮಾಡಿ ಬಳಿದೆ. ಹೊಸದಿತ್ತು... ವಿಷದ ಮರ ಹುಡುಕ್ಕೊಂಡು ಅಷ್ಟು ದೂರ ನಡೆದು, ಗೀರು ಹಾಕಿ ಹಾಲು ಇಳಿಸಿ, ಕಾಯಿಸಿ, ಎಲೆಯಲ್ಲಿ ಕಟ್ಟಿ ಇಟ್ಟಿದ್ದೆ. ಇಲ್ಲೇ ಇದೆ, ನನ್ನ ಚೀಲದಲ್ಲೇ ಇದೆ. ಹುಡುಗಿ, ಮೊದಲ್ನೇ ಸಲ, ಎಲ್ಲಿ ತಾಗಿಸ್ತಾಳೆ ಅಂದ್ಕೊಂಡೆ. ಮರಕ್ಕೋ ಎಲೆಗೋ ಹೊಡ್ದು ಹಾಳು ಮಾಡ್ತಾಳೆ, ಒಳ್ಳೇ ವಿಷ ಯಾಕೆ ದಂಡ ಅಂದ್ಕೊಂಡೆ. ಅಷ್ಟೇ ತಂಗಿ. ಅವಳ ಮೇಲೆ ಕೋಪ ಇರಲಿಲ್ಲ, ಏನೂ ಇರಲಿಲ್ಲ. ಕೊಡೋಕೆ ಮನಸ್ಸು ಬರಲಿಲ್ಲ, ಅಷ್ಟೇ.

ಅವಳು ಕೇಳಿದ್ಳು ಕೂಡ. "ಹೊಸದಾ ಮಾವ?" ಅಂತ. ಹೂಂ ಅಂದೆ.

ಇನ್ನೂ ಬಾಯಲ್ಲೇ ಇಟ್ಕೊಂಡಿದೀಯಲ್ಲೇ. ಉಗಿದುಬಿಡು. ಅಲ್ಲಿ ಬೇಡ, ನೆಲಕ್ಕೆ ಬೇಡ, ಕೆಳಗೆ ಮಗು ಇದೆ... ಇಲ್ಲಿ. ನನ್ನ ಮುಖಕ್ಕೆ ಉಗಿ.